ಎರಡನೇ ಪಾಯಸದ ಹೊತ್ತಿಗೆ ಗಿಟಾರು

ಮದುವೆ ಮನೆ ಪಂಕ್ತೀಲಿ ಕೂತಿದೀರಿ ಅಂತ ಇಟ್ಕೊಳ್ಳಿ. ಎಲೆ ಮೇಲೆ ಅನ್ನ ಸಾರು ಕಲಸಿದೀರಿ. ಕೈ ಎಂಜಲಾಗಿದೆ. ಅಷ್ಟರಲ್ಲಿ ಎದುರಿಗೆ ಒಬ್ಬ ಕರೆಂಟು ಗಿಟಾರು ನೇತು ಹಾಕ್ಕೊಂಡು ಬಂದು, ಕಣ್ಣು ಮುಚ್ಕೊಂಡು ಕಿರುಚಕ್ಕೆ ಶುರು ಮಾಡ್ತಾನೆ. ಈಗ ಹೇಳಿ, ಎಂತ ಮಾಡ್ತೀರಿ? ಎದ್ದು ಹೋಗ್ತೀರಾ? ಹೋಗಿ ನೋಡಾಣ!

ಹೋಗಲ್ಲ. ನಂಗೊತ್ತು. ನಮ್ಮ ಕಡೆ ಪಂಕ್ತೀಲಿ ಕೂತವರು ಎಲ್ಲರ ಊಟ ಮುಗಿದ ಮೇಲೇ ಏಳೋದು. ಮಧ್ಯದಲ್ಲಿ ಒಬ್ಬ ಎದ್ದ ಅಂದ್ರೆ ಒಂದೋ ಅವನ ಹೊಟ್ಟೆ ಕೆಟ್ಟಿದೆ, ಇಲ್ಲಾ ಬೀಗರ ಮೇಲೆ ಸಿಟ್ಟು ಬಂದಿದೆ. ಎರಡೂ ಊರಿಗೆಲ್ಲ ಗೊತ್ತಾಗೋ ವಿಷಯ. ಹಂಗಾಗಿ ಎಷ್ಟೇ ಕಿರುಚಿದ್ರೂ ನೀವು ಎಲೆ ಮುಂದೆ ಕೂತೇ ಇರ್ತೀರಿ. ಈ ಒಂದು ಪದ್ಧತಿ ನಂಬ್ಕೊಂಡು ನನ್ನ ತಮ್ಮ ಚಿದಂಬರ ನಲವತ್ತು ವರ್ಷ ರಾಕ್ ಹಾಡುಗಾರನಾಗಿ ಬಾಳಿದ. ಬಾಳಿದ ಅಂದ ಕೂಡ್ಲೇ ಗಾಬರಿ ಆಗಬೇಡಿ. ಇದಾನೆ. ಗಟ್ಟಿಯಾಗೇ ಇದಾನೆ. ಆ ಗಾಬರಿ ಕತೆ ಮುಂದೆ ಬರುತ್ತೆ.

ಇದೆಲ್ಲ ನೆನಪಾಗಿದ್ದು ಇಂಗಿನಿಂದ. ಇವತ್ತು ಬೆಳಿಗ್ಗೆ ಒಗ್ಗರಣೆ ಡಬ್ಬಿಲಿ ಇಂಗು ಹುಡುಕ್ತಾ ಇದ್ದೆ. ಇಂಗು ಸಿಗಲಿಲ್ಲ, ಮೂರು ಮೂಲೆ ಇರೋ ಒಂದು ಕರಟದ ಚೂರು ಸಿಕ್ತು. ಹೆಬ್ಬೆರಳ ಉಗುರಿಗಿಂತ ಚೂರು ದೊಡ್ಡದು. ಅಂಚೆಲ್ಲ ಉಜ್ಜಿ ಉಜ್ಜಿ ನಯ ಮಾಡಿದ್ದು. ಗಿಟಾರು ತಂತಿ ಮೀಟಕ್ಕೆ ಚಿದು ಮಾಡ್ಕೊಳ್ಳೋದು ಇದನ್ನ. ಅಂಗಡೀಲಿ ಪ್ಲಾಸ್ಟಿಕ್ಕಿಂದು ಸಿಗುತ್ತಂತೆ. ಅವನಿಗೆ ಕರಟದ್ದೇ ಆಗಬೇಕು, ಅದೂ ನನ್ನ ಅಡಿಗೆ ಮನೆ ಕರಟವೇ ಆಗಬೇಕು. ಕಾಯಿ ತುರಿಯಕ್ಕೆ ಕೂತ್ರೆ ಪಕ್ಕದಲ್ಲಿ ಬಂದು ಕೂತು, ಕರಟ ಖಾಲಿ ಆಗೋದನ್ನೇ ಬೆಕ್ಕಿನ ಹಾಗೆ ಕಾಯ್ತಿದ್ದ. ಮಾಡಿದ್ದನ್ನ ಎಲ್ಲೆಂದರಲ್ಲಿ ಬಿಡ್ತಿದ್ದ. ಒಂದ್ಸಲ ಕೋಸಂಬರಿಲಿ ಒಂದು ಹೋಗಿ, ನಮ್ಮನೆಯವರ ಸೋದರಮಾವ ಕಚ್ಚಿ, ಅವರ ಹಲ್ಲೂ ಹೋಯ್ತು, ಅವರು ನಮ್ಮನೆಗೆ ಬರೋದೂ ಹೋಯ್ತು. ಚಿದು ಮಾತ್ರ ಆ ಚೂರು ತೊಳೆದು ಬೆಳಕಿಗೆ ಹಿಡಿದು ನೋಡಿ, "ಒಡೀಲಿಲ್ಲ ನೋಡಕ್ಕ, ಎಂಥ ಗಟ್ಟಿ!" ಅಂದ.

ಮೊಮ್ಮಗಳು ಫೋನಲ್ಲಿ ಕನ್ನಡ ಒತ್ತೋದು ಹೇಳಿಕೊಟ್ಟು ಮೂರು ತಿಂಗಳಾಯ್ತು. ಪೂರ್ಣವಿರಾಮ ಎಲ್ಲಿದೆ ಅಂತ ಮೊನ್ನೆ ಮೊನ್ನೆ ಗೊತ್ತಾಗಿದ್ದು. ಅದಕ್ಕೇ ಇಷ್ಟೊಂದು ಹಾಕ್ತಾ ಇದೀನಿ. ಸಿಕ್ಕಿದ್ದನ್ನ ಸುಮ್ನೆ ಬಿಡಬಾರದಲ್ಲ.

ಚಿದು ನನಗಿಂತ ಆರು ವರ್ಷ ಚಿಕ್ಕವನು. ಶಿವಮೊಗ್ಗಕ್ಕೆ ಬಿಕಾಂ ಓದಕ್ಕೆ ಹೋದವನು ಬಿಕಾಂ ಅಲ್ಲೇ ಬಿಟ್ಟು ಗಿಟಾರು ತಂದ. ಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಇಳಿದಾಗ ಅದನ್ನ ಬೆಡ್‌ಶೀಟಲ್ಲಿ ಸುತ್ತಿ ಮಗು ಎತ್ಕೊಂಡ ಹಾಗೆ ಎತ್ಕೊಂಡಿದ್ದನಂತೆ. ನೋಡಿದ ಯಾರೋ ನಮ್ಮ ಅಪ್ಪಯ್ಯನಿಗೆ "ನಿಮ್ಮ ಚಿದುಗೆ ಮದುವೆಯೂ ಆಗಿ ಕೂಸೂ ಆಗಿದೆ" ಅಂತ ಸುದ್ದಿ ಮುಟ್ಟಿಸಿದ್ರು. ಅಪ್ಪಯ್ಯ ಜಗಲೀಲಿ ಬೆತ್ತ ಹಿಡ್ಕೊಂಡು ಕಾಯ್ತಾ ಇದ್ರು. ಬೆಡ್‌ಶೀಟು ಬಿಚ್ಚಿದ ಮೇಲೆ ಅವರಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಬೈಯೋದೇ ಮರ್ತು, "ಇದು ಯಾವ ನಮೂನೆ ವೀಣೆ?" ಅಂತ ಕೇಳಿದ್ರು.

"ವೀಣೆ ಅಲ್ಲ ಅಪ್ಪಯ್ಯ. ಗಿಟಾರು. ಕರೆಂಟಿಂದು."

"ಕರೆಂಟು ಹೋದ್ರೆ?"

ನಮ್ಮೂರಲ್ಲಿ ಕರೆಂಟು ಬರೋದೇ ನೆಂಟರ ಹಾಗೆ. ಕಡೆಗೆ ಚಿದು ಒಂದು ಹಳೇ ಜೀಪಿನ ಬ್ಯಾಟರಿ ತಂದ. ಸೌಂಡು ಬರಕ್ಕೆ ಮೈಕ್‌ಸೆಟ್ ಅಂಗಡೀಲಿ ಮೂಲೆಗೆ ಬಿಸಾಕಿದ್ದ ಒಂದು ಹಾರ್ನ್ ತಂದ. ಉಮ್ಮತ್ತಿ ಹೂವಿನ ಹಾಗೆ ಬಾಯಿ ಬಿಟ್ಕೊಂಡಿರುತ್ತಲ್ಲ, ಅದು. ಮೊದಲನೇ ಸಲ ತಂತಿ ಮೀಟಿದಾಗ ನಮ್ಮ ಮನೆ ಹಂಚು ಮೂರು ಜಾರಿತು. ಅಪ್ಪಯ್ಯ ಸಂಧ್ಯಾವಂದನೆಗೆ ಕೂತವರು ಎದ್ದು ಬಂದು, "ಇದನ್ನ ಕಲಿತು ಎಲ್ಲಿ ನುಡಿಸ್ತೀಯಾ?" ಅಂದ್ರು.

ಅದೇ ಕಷ್ಟದ ಪ್ರಶ್ನೆ. ಯಾವ ಕಂಪನಿಗೂ ಸೇರದ ಹಾಡುಗಾರ ನಾನು, ನಂದೇ ಪದ, ನಂದೇ ರಾಗ ಅಂತ ಹೇಳ್ಕೊಂಡು ತಿರುಗಿದ. ಯಾವ ಕಂಪನಿಯೂ ಕರೀಲಿಲ್ಲ ಅನ್ನೋದು ಬೇರೆ ಮಾತು. ಕೊಪ್ಪದಲ್ಲಿ ಮೊದಲನೇ ಕಾರ್ಯಕ್ರಮ ಇಟ್ಕೊಂಡ, ಬಯಲಲ್ಲಿ. ನಾಲ್ಕು ಜನ ಬಂದ್ರು. ಒಬ್ಬಳು ನಾನು. ಒಬ್ಬ ನರಸಿಂಹರಾಜಪುರದ ಬಟ್ಟೆ ಅಂಗಡಿ ಶಿವಣ್ಣ. ಅವನೂ ಕೇಳಕ್ಕೆ ಬಂದವನಲ್ಲ, ಡ್ರಮ್ಮು ಹೊಡೆಯಕ್ಕೆ ಬಂದವನು. ಇನ್ನಿಬ್ಬರು ಬಸರೀಕಟ್ಟೆ ಜೀಪಿಗೆ ಕಾಯ್ತಾ ಇದ್ದವರು. ಹಾಡಿನ ಮಧ್ಯ ಜೀಪು ಬಂತು, ಇಬ್ಬರೂ ಹತ್ಕೊಂಡು ಹೋದ್ರು. ಚಿದು ಆ ಜೀಪು ಹೋದ ದಾರೀನೇ ನೋಡ್ತಾ ನಿಂತಿದ್ದ.

ಆ ಸಿಟ್ಟಲ್ಲಿ ಬರೆದಿದ್ದು ಜೀಪಿನ ಹಾಡು. ಇವತ್ತಿಗೂ ಅವನ ಹಾಡಲ್ಲೆಲ್ಲ ಅದೇ ಹೆಸರುವಾಸಿ.

"ಹತ್ತು ಮಂದಿ ಜಾಗದಲ್ಲಿ ಇಪ್ಪತ್ತೆರಡು ಮಂದಿ,
ಮೂರನೇ ತಿರುವಲ್ಲಿ ಉಸಿರು ಕಟ್ಟಿತು ಬಂಡಿ,
ಹಿಂದೆ ಜಾರಿದ್ರೆ ಹೊಳೆ, ಮುಂದೆ ಹತ್ತಿದ್ರೆ ಮನೆ,
ಎಳೆಯೋ ಡ್ರೈವರಣ್ಣಾ, ಇದೇ ಗೇರು ಕೊನೆ!"

ಇಷ್ಟು ಮೊದಲನೇ ಚರಣ. "ಕೊನೆ" ಅನ್ನೋದನ್ನ ಅವನು ಎಷ್ಟು ಎಳೀತಾನೆ ಅಂದ್ರೆ, ಒಬ್ಬರು ಎಲೆ ಅಡಿಕೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗೆ ಹಾಕ್ಕೋಬಹುದು.

ಈಗ ನನ್ನ ತಪ್ಪು ಹೇಳ್ತೀನಿ. ಶೃಂಗೇರಿಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿ ಕೂತಿತ್ತು. ಎರಡನೇ ಸಲ ಪಾಯಸ ಬರೋ ಹೊತ್ತಿಗೆ ನಮ್ಮಲ್ಲಿ ಚೂರ್ಣಿಕೆ ಹೇಳೋದು ನಿಮಗೆ ಗೊತ್ತಲ್ಲ. ಕಂಠ ಇದ್ದವರು ಒಬ್ಬೊಬ್ಬರೇ ಕೂತಲ್ಲಿಂದಲೇ ಒಂದು ಶ್ಲೋಕ ಎತ್ತಿ ಹೇಳ್ತಾರೆ. ಮುಗಿದ ಕೂಡ್ಲೇ ಒಬ್ಬರು "ನಮಃ ಪಾರ್ವತೀಪತೇ" ಅಂತಾರೆ, ಪಂಕ್ತಿಗೆ ಪಂಕ್ತಿಯೇ "ಹರ ಹರ ಮಹಾದೇವ" ಅಂತ ಕೂಗುತ್ತೆ. ನಾನು ಹೆಂಗಸರ ಪಂಕ್ತೀಲಿ, ಚಿದು ಬೆನ್ನ ಹಿಂದೇನೇ ಕೂತಿದ್ದೆ. ಪಾಪ, ಸಪ್ಪೆ ಮುಖ ಮಾಡ್ಕೊಂಡು ಪಾಯಸಾನ ಬೆರಳಲ್ಲಿ ಅಲ್ಲಿಂದ ಇಲ್ಲಿಗೆ ಓಡಿಸ್ತಾ ಇದ್ದ. ಅವನ ಕಿವೀಲಿ ಹೇಳಿದೆ, "ನೀನೂ ಒಂದು ಎತ್ತೋ. ನಿನ್ನ ಜೀಪಿಂದೇ ಎತ್ತು. ಇಲ್ಲಿ ಯಾರೂ ಎದ್ದು ಹೋಗಲ್ಲ."

ತಮಾಷೆಗೆ ಹೇಳಿದ್ದು, ಆಣೆ. ಅವನು ಎಡಗೈಲಿ ಎಲೆ ಹಿಂದೆ ಸರಿಸಿ, ಎಂಜಲು ಕೈಯಲ್ಲೇ ತೊಡೆ ತಟ್ಕೊಂಡು, ಇಡೀ ಜೀಪಿನ ಹಾಡು ಹಾಡಿಬಿಟ್ಟ. ಗಿಟಾರು ಇರಲಿಲ್ಲ, ಅದರ ಸದ್ದನ್ನೂ ಬಾಯಲ್ಲೇ ಮಾಡಿದ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಮುಖ ನೋಡಿದ್ರು. ಪುರೋಹಿತರು ತುತ್ತು ಬಾಯಲ್ಲಿಟ್ಕೊಂಡು ಹಂಗೇ ಕೂತಿದ್ರು. ಆಗ ಪಂಕ್ತಿ ತುದೀಲಿ ಕೂತಿದ್ದ ಕಿಗ್ಗದ ಮಾವ, ಅವರಿಗೆ ಕಿವಿ ಒಂದಿಷ್ಟೂ ಕೇಳಲ್ಲ, ಚಿದು ಬಾಯಿ ಮುಚ್ಚಿದ್ದು ನೋಡಿ ಚೂರ್ಣಿಕೆ ಮುಗೀತು ಅಂದ್ಕೊಂಡು, "ನಮಃ ಪಾರ್ವತೀಪತೇ" ಅಂದ್ರು. ಮುನ್ನೂರು ಜನ ಹಿಂದೆ ಮುಂದೆ ನೋಡದೆ "ಹರ ಹರ ಮಹಾದೇವ!"

ಚಿದು ಮುಖ ನೋಡಬೇಕಿತ್ತು ನೀವು. ಶಿವನೇ ಬಂದು ಬೆನ್ನು ತಟ್ಟಿದ ಹಾಗಿತ್ತು.

ಅಲ್ಲಿಂದ ಶುರುವಾಗಿದ್ದು ನಿಲ್ಲಲೇ ಇಲ್ಲ. ಮದುವೆ, ಉಪನಯನ, ಗೃಹಪ್ರವೇಶ, ಎಲ್ಲಿ ಎಲೆ ಹಾಕಿದ್ರೂ ಎರಡನೇ ಪಾಯಸಕ್ಕೆ ಚಿದು ಗಿಟಾರು. ಮೊದಮೊದಲು ಕರೀದೇ ಹೋಗ್ತಿದ್ದ. ಆಮೇಲೆ ಕರೆದ್ರು. ಕರೀದಿದ್ರೂ ಬರ್ತಾನಲ್ಲ, ಕರೆದ್ರೆ ಕರೆದ ಮರ್ಯಾದೆ ಆದ್ರೂ ಉಳಿಯುತ್ತೆ ಅಂತ. ಅವನಿಗೂ ಅನುಭವ ಬಂತು. ಗಸಗಸೆ ಪಾಯಸ ಇದ್ದ ದಿನ ನಿಧಾನದ ಹಾಡು ಎತ್ತಬಾರದು, ಅರ್ಧ ಪಂಕ್ತಿ ತೂಕಡಿಸುತ್ತೆ. ಹೋಳಿಗೆ ದಿನ ಸಣ್ಣ ಹಾಡು ಸಾಕು, ತುಪ್ಪ ಬಡಿಸೋವಾಗ ಜನ ಯಾರ ಮಾತೂ ಕೇಳಲ್ಲ. ಶಿವಣ್ಣನ ಡ್ರಮ್ಮಿನ ಏಟಿಗೆ ಲೋಟದ ನೀರೆಲ್ಲ ಎಲೆಗೆ ಚೆಲ್ಲಿ, ಸಾರು ತೆಳ್ಳಗಾಯ್ತು ಅಂತ ಅಡಿಗೆಯವರ ಮೇಲೆ ದೂರು ಹೋಗಿದ್ದೂ ಇದೆ.

ಅಡಿಗೆಯವರು ಅಂದ್ರೆ ಗೋಪಿ ಭಟ್ಟರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ನಮ್ಮ ಈ ಮೂರೂ ತಾಲೂಕಲ್ಲಿ ಅರ್ಧ ಮದುವೆಗೆ ಅವರದೇ ಕೈ. ಬರೀ ಅಡಿಗೆ ಮಾಡಿ ಕೂರೋ ಜನ ಅಲ್ಲ, ಪಾಯಸ ಮಾತ್ರ ತಾವೇ ಬಡಿಸಬೇಕು. ಚಿದು ಕಂಡ್ರೆ ಅವರಿಗೆ ಆಗ್ತಿರಲಿಲ್ಲ. ಅವನು ಗಿಟಾರು ಹೆಗಲಿಗೆ ಹಾಕ್ಕೊಂಡ ಕೂಡ್ಲೇ ಇವರು ಹೆಗಲ ಮೇಲಿನ ಟವೆಲ್ ತೆಗೆದು ಜೋರಾಗಿ ಕೊಡವೋರು. ಬಕೆಟ್ಟು ಹಿಡ್ಕೊಂಡು ಅವನ ಮುಂದೇ ಅಡ್ಡಾಡೋರು. ಅದರಲ್ಲೂ ಜೀಪಿನ ಹಾಡು ಅಂದ್ರೆ ಮುಖ ಗಂಟು. ಮೊದಲನೇ ಚರಣ ಮುಗಿಯೋ ಹೊತ್ತಿಗೆ ಸರಿಯಾಗಿ ಬಕೆಟ್ಟು ಖಾಲಿಯಾಗಿ, ಧಡಧಡ ಅಂತ ಒಳಗೆ ಹೋಗೋರು. ತುಂಬಿಸ್ಕೊಂಡು ಓಡಿ ಬರೋ ಹೊತ್ತಿಗೆ ಇಲ್ಲಿ "ಹರ ಹರ ಮಹಾದೇವ" ಆಗಿರೋದು. ಆವಾಗ ಅವರ ಸಿಟ್ಟು ನೋಡಬೇಕು.

"ಸಾವಿತ್ರಮ್ಮ, ನಿಮ್ಮ ತಮ್ಮನಿಗೆ ಸ್ವಲ್ಪ ನಿಧಾನ ಹಾಡಕ್ಕೆ ಹೇಳಿ ಮಾರಾಯ್ರೆ" ಅಂತ ನನ್ನ ಹತ್ರ ಬಂದು ಗೊಣಗೋರು.

"ನಿಧಾನ ಹಾಡಿದ್ರೆ ನಿಮ್ಮ ಪಾಯಸ ಆರಲ್ವಾ ಭಟ್ಟರೇ?"

"ಪಾಯಸದ ಮನೆ ಹಾಳಾಗ್ಲಿ" ಅಂತ ಹೋಗಿಬಿಡೋರು. ನಂಗೆ ಆಗ ಅದು ಅರ್ಥ ಆಗಿರಲಿಲ್ಲ. ಅಡಿಗೆಯವರ ಬಾಯಲ್ಲಿ ಬರೋ ಮಾತಾ ಅದು, ಅಂದ್ಕೊಂಡು ಮರ್ತುಬಿಟ್ಟೆ.

ಮಧ್ಯದಲ್ಲಿ ಒಂದು ಕ್ಯಾಸೆಟ್ಟೂ ಮಾಡಿದ. ನಮ್ಮ ಬಚ್ಚಲು ಮನೇಲಿ ದನಿ ಗುಂಯ್ ಅನ್ನುತ್ತೆ ಅಂತ ಅಲ್ಲೇ ರೆಕಾರ್ಡು. ಹಂಡೆ ಪಕ್ಕ ಶಿವಣ್ಣ ಡ್ರಮ್ಮು ಇಟ್ಕೊಂಡು, ಹೊಗೆಗೆ ಕಣ್ಣು ಒರೆಸ್ಕೊಂಡು ಹೊಡೆದ. ಅದರಲ್ಲಿ ಮೂರನೇ ಹಾಡಿನ ಮಧ್ಯ "ಚಿದೂ, ನೀರು ಕಾದಿದೆ, ಯಾರು ಮೊದಲು ಮೀತೀರೋ?" ಅಂತ ನನ್ನ ದನಿ ಸ್ಪಷ್ಟ ಕೇಳುತ್ತೆ. ಕೇಳಿದವರೆಲ್ಲ ಆ ಜಾಗವೇ ಚೆನ್ನಾಗಿದೆ ಅಂದ್ರು. ನಂಗೆ ಇವತ್ತಿಗೂ ಅದೊಂದು ಜಂಬ. ಆಮೇಲೆ ಸೀಡಿ ಮಾಡಿದ. ಜನ ಅದನ್ನ ದಾರ ಕಟ್ಟಿ ತೋಟದಲ್ಲಿ ಮಂಗ ಹೆದರಿಸಕ್ಕೆ ನೇತು ಹಾಕಿದ್ರು. ಚಿದುಗೆ ಬೇಜಾರಿಲ್ಲ. "ಗಾಳೀಲಿ ತಿರುಗ್ತಾ ಇದೆ ನೋಡಕ್ಕ, ತಿರುಗೋದೇ ಅದರ ಕೆಲಸ" ಅಂದ. ಮಂಗಗಳೂ ಹೆದರಲಿಲ್ಲ. ಅದರಲ್ಲಿ ಮುಖ ನೋಡ್ಕೊಂಡು ಹಲ್ಲು ಕಿಸೀತಾ ಕೂತಿರ್ತಿದ್ವು. ನಂಗನ್ನಿಸುತ್ತೆ, ಅವನ ಸೀಡಿನ ಅಷ್ಟು ಹೊತ್ತು ಗಮನ ಕೊಟ್ಟು ನೋಡಿದ್ದು ಅವೇ.

ಇಷ್ಟು ಚೆನ್ನಾಗಿ ಹೋಗ್ತಾ ಇದ್ದಿದ್ದಕ್ಕೆ ಕಲ್ಲು ಹಾಕಿದ್ದು ಬಫೆ.

ಬಫೆ ಬಂದ ಮೇಲೆ ಜನ ತಟ್ಟೆ ಹಿಡ್ಕೊಂಡು ಓಡಾಡಕ್ಕೆ ಶುರು ಮಾಡಿದ್ರು. ಚಿದು ಹಾಡು ಎತ್ತಿದ ಅಂದ್ರೆ ತಟ್ಟೆಗಳೆಲ್ಲ ಮೆಲ್ಲಗೆ ಆಚೆ ಮೂಲೆಗೆ ಹೋಗ್ತಿದ್ವು. ಇವನು ವೈರು ಎಳ್ಕೊಂಡು ಆ ಮೂಲೆಗೆ ಹೋದ್ರೆ ಅವು ಈ ಮೂಲೆಗೆ. ನರಸಿಂಹರಾಜಪುರದ ಒಂದು ಮದುವೇಲಿ ಗಿಟಾರು ವೈರು ಜಿಲೇಬಿ ಟೇಬಲ್ಲಿಗೆ ಸುತ್ತಿ ಅದೂ ಮೆರವಣಿಗೆ ಹೊರಟಿತ್ತು. ಆಗ ಮಾತ್ರ ಜನ ಅವನ ಹಿಂದೆ ಹೋದ್ರು.

ಆ ಸಂಜೆ ನಮ್ಮನೆಗೆ ಬಂದು ಕೂತ. ಅವನು ಮದುವೆ ಆಗಿಲ್ಲ, ಕೊಪ್ಪದಲ್ಲೇ ಒಂದು ರೂಮು ಮಾಡ್ಕೊಂಡಿದಾನೆ. ಬೇಜಾರಾದ್ರೆ ನನ್ನ ಅಡಿಗೆ ಮನೆ. ಕಾಫಿ ಕೊಟ್ಟೆ.

"ಅಕ್ಕ, ಜನ ಮೊದಲಿನ ಹಾಗಿಲ್ಲ. ಹಾಡು ಕೇಳೋ ತಾಳ್ಮೆ ಹೋಯ್ತು."

ನಂಗೆ ನಾಲಿಗೆ ಸುಮ್ನಿರಲ್ಲ. "ಯಾವಾಗ ಇತ್ತೋ ತಾಳ್ಮೆ? ಅವರು ಕೂತಿದ್ದು ಪಾಯಸಕ್ಕೆ. ನಿಂಗಲ್ಲ" ಅಂದೆ.

ಜೀವಮಾನ ಇಡೀ ಅವನನ್ನ ಆಡ್ಕೊಂಡೇ ಬಂದವಳು ನಾನು. ಅವನೂ ತಿರುಗಿ ಒಂದು ಹೇಳ್ತಿದ್ದ. ಈ ಸಲ ಲೋಟದಲ್ಲಿ ಅರ್ಧ ಕಾಫಿ ಬಿಟ್ಟು, ಚಪ್ಪಲಿ ಹಾಕ್ಕೊಂಡು ಹೋದ. ನನ್ನ ತಮ್ಮ ಕಾಫಿ ಬಿಟ್ಟು ಹೋಗಿದ್ದು ಅದೇ ಮೊದಲು. ನಾನು ಆ ಲೋಟ ತೊಳೀದೆ ಬೆಳಗಿನ ತನಕ ಹಂಗೇ ಇಟ್ಟಿದ್ದೆ.

ಎರಡು ದಿನ ಬಿಟ್ಟು ಬಂದ. ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ.

"ಬಾಳಗಡೀಲಿ ಹಾಲ್ ಹಿಡಿದಿದೀನಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ."

"ಹನ್ನೆರಡಕ್ಕಾ? ಊಟದ ಹೊತ್ತಲ್ವನಾ?"

"ಅದಕ್ಕೇ. ಊಟ ಇಲ್ಲ. ಪಾಯಸ ಇಲ್ಲ. ಒಂದು ಲೋಟ ಪಾನಕವೂ ಇಲ್ಲ. ಹಸ್ಕೊಂಡು, ಎದ್ದು ಹೋಗೋ ದಾರಿ ಇದ್ದೂ, ಕಡೇ ಹಾಡಿನ ತನಕ ಹತ್ತು ಜನ ಕೂತ್ರೆ ಸಾಕು. ಕೂರಲಿಲ್ವಾ, ಗಿಟಾರು ಅಟ್ಟಕ್ಕೆ. ಮತ್ತೆ ಮುಟ್ಟಲ್ಲ."

"ಹತ್ತರಲ್ಲಿ ನಾನೊಬ್ಬಳು ಇದೀನಲ್ಲ."

"ನಿನ್ನ ಲೆಕ್ಕ ಇಲ್ಲ. ನೀನು ನನ್ನ ಅಕ್ಕ. ಶಿವಣ್ಣನ್ನೂ ಹಿಡೀಬೇಡ, ಅವನು ಡ್ರಮ್ಮಿಗೆ."

ಪಂಕ್ತೀಲಿ ಹಾಡು ಅಂತ ಹತ್ತಿಸಿದ್ದೂ ನಾನೇ, ಪಾಯಸಕ್ಕೆ ಕೂತಿದ್ದು ಅಂತ ಇಳಿಸಿದ್ದೂ ನಾನೇ. ಏನಾದ್ರೂ ಮಾಡಬೇಕಲ್ಲ ಅಂತ, "ಕರೆಯೋ ಕೆಲಸ ನಂಗೆ ಬಿಡು, ನಂಗೆ ಈಗ ಫೋನಲ್ಲಿ ಬರೆಯಕ್ಕೆ ಬರುತ್ತೆ" ಅಂದೆ.

ಕುಟುಂಬದ ಗ್ರೂಪಲ್ಲಿ ಮೂರೂ ತಾಲೂಕಿನ ನೆಂಟರು ಇದಾರೆ. ಅರ್ಧ ದಿನ ಕೂತು ಒತ್ತಿದೆ. "ನನ್ನ ತಮ್ಮ ಚಿದಂಬರನ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಳಗಡಿಯಲ್ಲಿದೆ. ಎಲ್ಲರೂ ಬರಬೇಕು. ಊಟ ಇರುವುದಿಲ್ಲ." ಬರೀ ಅಕ್ಷರ ಸಪ್ಪೆ ಕಾಣ್ತು. ಫೋಟೋ ಹಾಕೋದೂ ಕಲಿತಿದ್ನಲ್ಲ, ಅವನ ಚಂದದ ಫೋಟೋ ಒಂದು ಹುಡುಕಿದೆ. ಹಿಂದೆ ಯಾವುದೋ ಸಂಘದವರು ಸನ್ಮಾನ ಮಾಡಿದಾಗ ತೆಗೆದಿದ್ದು. ಕೊರಳಲ್ಲಿ ದಪ್ಪ ಸೇವಂತಿಗೆ ಹಾರ, ಮುಖದಲ್ಲಿ ಒಂಥರಾ ಶಾಂತಿ. ಅದನ್ನೇ ಹಾಕಿ ಕಳಿಸಿದೆ.

ಐದು ನಿಮಿಷಕ್ಕೆ ಮೊದಲನೇ ಉತ್ತರ ಬಂತು. ಕೈ ಮುಗಿದ ಚಿತ್ರ. ಆಮೇಲೆ ಇನ್ನೊಂದು. ಆಮೇಲೆ ಒಬ್ಬರು "ಓಂ ಶಾಂತಿ" ಅಂದ್ರು. ಅದರ ಹಿಂದೆ ಸಾಲಾಗಿ ಓಂ ಶಾಂತಿ, ಓಂ ಶಾಂತಿ. ಬಸರೀಕಟ್ಟೆಯಿಂದ ನಾದಿನಿ ಫೋನು ಮಾಡಿದ್ಲು, ಅಳ್ತಾ ಇದ್ಲು.

"ಅತ್ತಿಗೇ, ನಿಮ್ಮ ಮನೇಲಿ ಒಲೆ ಹಚ್ಚಲ್ವಲ್ಲ ಈಗ. ನಾನು ಅನ್ನ ಹುಳಿ ಮಾಡ್ಕೊಂಡು ಬರ್ತೀನಿ. ನೀವು ಧೈರ್ಯ ತಗೊಳ್ಳಿ."

ಆಗ ತಲೆಗೆ ಹೋಯ್ತು. ಹಾರ ಹಾಕಿದ ಫೋಟೋ, ಊಟ ಇಲ್ಲದ ಕಾರ್ಯಕ್ರಮ. ನಮ್ಮ ಜನ ಮತ್ತೆ ಎಂತ ತಿಳ್ಕೋತಾರೆ? ನಮ್ಮ ಕಡೆ ಕರೆದು ಊಟ ಹಾಕದೇ ಇರೋದು ಅಂದ್ರೆ, ಸಾವಿನ ಮನೇಲಿ ಮಾತ್ರ.

ಅಲ್ಲ ಅಂತ ಹೇಳಬೇಕಿತ್ತು. ಹೌದು, ಹೇಳಬೇಕಿತ್ತು. ಬಾಯಿ ತೆಗೆದೆ ಕೂಡ. ಆದ್ರೆ ನೋಡಿ, ಹಾಡು ಕೇಳಕ್ಕೆ ಬನ್ನಿ ಅಂದಿದ್ರೆ ಇವಳು ಬಸರೀಕಟ್ಟೆಯಿಂದ ಬರ್ತಿದ್ಲಾ? ಗ್ರೂಪಲ್ಲಿ ಅಷ್ಟೊಂದು ಜನ "ಬರ್ತೀವಿ" ಅಂತಿದಾರೆ. ಅವನಿಗೆ ಬೇಕಾಗಿದ್ದು ಹತ್ತೇ ಜನ. "ಭಾನುವಾರ ಬಾ, ಎಲ್ಲ ಅಲ್ಲೇ ಗೊತ್ತಾಗುತ್ತೆ" ಅಂದು ಫೋನು ಇಟ್ಟೆ. ಚಿದು ತಾಲೀಮು ಅಂತ ಫೋನು ಆಫ್ ಮಾಡಿ ರೂಮು ಸೇರಿದ್ದ. ಒಳ್ಳೇದೇ ಆಯ್ತು.

ಭಾನುವಾರ ಹಾಲ್ ತುಂಬಿತ್ತು! ಅರವತ್ತು ಎಪ್ಪತ್ತು ಜನ. ಒಬ್ಬರ ಮುಖದಲ್ಲೂ ಕಳೆ ಇಲ್ಲ. ಒಬ್ಬೊಬ್ಬರ ಕೈಲೂ ಒಂದು ಟಿಫಿನ್ ಕ್ಯಾರಿಯರು. ಹುಳಿ ಅನ್ನ, ಮೊಸರನ್ನ, ತಂಬುಳಿ, ಎಲ್ಲದರ ವಾಸನೆ ಸೇರಿ, ಊಟ ಇಲ್ಲದ ಕಾರ್ಯಕ್ರಮ ಅನ್ನೋ ಹಾಗೇ ಇರಲಿಲ್ಲ. "ಹೇಗಾಯ್ತು? ಎಷ್ಟು ಹೊತ್ತಿಗೆ?" ಅಂತ ಎಲ್ಲ ಪಿಸಪಿಸ ಕೇಳಿದ್ರು. "ಈಗ ಬರ್ತಾನೆ" ಅಂದೆ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಅಂದ್ಕೊಂಡು ನಾದಿನಿ ನನ್ನ ತಲೆ ಸವರಿದ್ಲು.

ಸರಿಯಾಗಿ ಹನ್ನೆರಡಕ್ಕೆ ಪರದೆ ಸರಿದು ಚಿದು ಬಂದ. ಕರಿ ಅಂಗಿ. ಹೆಗಲಲ್ಲಿ ಗಿಟಾರು. ಕರಟದ ಚೂರಲ್ಲಿ ಒಂದು ಏಟು ಕೊಟ್ಟ, ಹಾರ್ನ್ ಘರ್ಜಿಸ್ತು. ನಾದಿನಿ "ಅಯ್ಯಯ್ಯೋ!" ಅಂತ ಕಿರುಚಿ ದೊಪ್ಪಂತ ಬಿದ್ದು ಎಚ್ಚರ ತಪ್ಪಿದ್ಲು. ಹಿಂದಿನ ಸಾಲಲ್ಲಿ ಇನ್ನೂ ಮೂರು ಹೆಂಗಸರು ಕಿರುಚಿದ್ರು. ಯಾರದೋ ಕ್ಯಾರಿಯರು ಉರುಳಿ ಮೊಸರನ್ನ ಚೆಲ್ತು. ಚಿದು ಕಣ್ಣಲ್ಲಿ ನೀರು ಬಂತು. ಹೊರದೇಶದ ಹಾಡುಗಾರರು ಬಂದಾಗ ಹೆಂಗಸರು ಕಿರುಚಿ ಬೀಳ್ತಾರಂತೆ ಅಂತ ಅವನೇ ನಂಗೆ ಹೇಳ್ತಿದ್ದ. ಬಾಳಗಡೀಲೂ ಅದು ಆಯ್ತು ಅಂತ ಪಾಪ ನಂಬಿದ್ದ, ಒಂದು ನಿಮಿಷ.

ಆಮೇಲೆ ಕ್ಯಾರಿಯರುಗಳು ಕಂಡ್ವು. ಅವನ ಕೈ ನಿಲ್ತು.

"ಅಕ್ಕ, ಊಟ ಬೇಡ ಅಂದಿದ್ನಲ್ಲ."

ಮೈಕಲ್ಲೇ ಕೇಳಿದ. ಹಾಲ್ ಪೂರ್ತಿ ನನ್ನ ಕಡೆ ತಿರುಗಿತು. ಅವನ ಮುಖ, ಅವತ್ತು ಕಾಫಿ ಬಿಟ್ಟು ಎದ್ದಾಗ ಇತ್ತಲ್ಲ, ಅದೇ ಮುಖ. ಇನ್ನು ಆಟ ಸಾಕು ಅನ್ನಿಸ್ತು. ಮಂಡಿ ಹಿಡ್ಕೊಂಡು ಮೇಲೆ ಹತ್ತಿದೆ, ಮೈಕ್ ತಗೊಂಡೆ.

"ಯಾರೂ ಸತ್ತಿಲ್ಲ. ಇವನು ಇದಾನೆ, ನೋಡಿದ್ರಲ್ಲ. ತಪ್ಪು ನಂದು. ಇವತ್ತು ಇಲ್ಲಿ ಬರೀ ಹಾಡು. ಊಟ ಇಲ್ಲ. ಇದು ಪಂಕ್ತಿ ಅಲ್ಲ, ಎದ್ದು ಹೋಗೋರು ಹೋಗಬಹುದು. ಯಾರೂ ಎಂತ ಅಂದ್ಕೊಳ್ಳಲ್ಲ."

ಅಷ್ಟು ಹೇಳಿದ್ದೇ ತಡ. ಒಬ್ಬರು ಎದ್ರು. "ಜೀಪು ಬಾಡಿಗೆ ಮಾಡ್ಕೊಂಡು ಬಂದಿದೀವಿ ಮಾರಾಯ್ತಿ, ಹೀಗಾ ಮಾಡೋದು?" ಅಂದ್ರು ಇನ್ನೊಬ್ಬರು. ಬದುಕಿದಾನೆ ಅಂತ ಖುಷಿ ಪಡೋದು ಬಿಟ್ಟು ಎಲ್ಲ ನನ್ನ ಮೇಲೆ ಸಿಟ್ಟು. ಸ್ನಾನ ಮಾಡ್ಬೇಕಾ ಬೇಡ್ವಾ ಅಂತ ಇಬ್ಬರು ಬಾಗಿಲಲ್ಲಿ ಜಗಳ ಆಡ್ತಾ ಹೋದ್ರು. ಸಾಲು ಸಾಲೇ ಖಾಲಿಯಾಯ್ತು. ಚಿದು ತಲೆ ಎತ್ತಲಿಲ್ಲ, ತಂತಿ ಬಿಗಿ ಮಾಡೋ ಹಾಗೆ ನಟಿಸ್ತಾ ನಿಂತಿದ್ದ.

ನಾನು ಎಣಿಸಿದೆ. ನಾದಿನಿ, ಎಚ್ಚರ ಬಂದಿತ್ತು, ಏಳಕ್ಕೆ ಶಕ್ತಿ ಇರಲಿಲ್ಲ. ಅವಳ ಗಂಡ, ಅವಳನ್ನ ಬಿಟ್ಟು ಹೋಗೋ ಹಾಗಿಲ್ಲ. ಕಿಗ್ಗದ ಮಾವನ ಮಗ. ನನ್ನ ಮೊಮ್ಮಗಳು, ಅವಳ ಜೊತೆ ಕಾಲೇಜಿನ ಮೂರು ಹುಡುಗೀರು. ಗುರುತಿಲ್ಲದ ಗಂಡ ಹೆಂಡತಿ ಒಂದು ಜೋಡಿ, ಯಾರ ಕಡೆಯವರೋ. ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತೇ.

ಚಿದು ಶುರು ಮಾಡಿದ. ಮೊದಲನೇ ಹಾಡು ಮುಗೀತು. ಎಲೆ ಇಲ್ಲದೆ "ಹರ ಹರ ಮಹಾದೇವ" ಅನ್ನಬಹುದೋ ಬೇಡ್ವೋ ಅಂತ ಯಾರಿಗೂ ಗೊತ್ತಿಲ್ಲ. ಚಪ್ಪಾಳೆ ನಮಗೆ ಅಭ್ಯಾಸ ಇಲ್ಲ. ಅವನು ಬೆವರು ಒರೆಸ್ಕೊಂಡು ನನ್ನ ಕಡೆ ನೋಡಿದ. ಆಗ ಕಿಗ್ಗದ ಮಾವನ ಮಗ ಕಾಲ ಮೇಲೆ ಕಾಲು ಹಾಕ್ಕೊಂಡು, "ಮುಂದಿಂದು ಹೇಳಾ ಮಾರಾಯ" ಅಂದ.

ನಲವತ್ತು ವರ್ಷದಲ್ಲಿ ಅವನನ್ನ ಯಾರೂ ಇನ್ನೊಂದು ಹಾಡು ಅಂತ ಕೇಳಿರಲಿಲ್ಲ. ಒಂದಕ್ಕೇ ಪಾಯಸ ಮುಗೀತಿತ್ತಲ್ಲ. ಚಿದು ಎರಡನೇದು ಹಾಡಿದ. ಮೂರನೇದು, ನಾಲ್ಕನೇದು. ಹೊಟ್ಟೆಗಳೆಲ್ಲ ಗುರುಗುಟ್ತಾ ಇದ್ವು, ಶಿವಣ್ಣನ ಡ್ರಮ್ಮಿನ ಮಧ್ಯವೂ ಕೇಳ್ತಿತ್ತು. ನಾದಿನಿ ತೊಡೆ ಮೇಲಿನ ಕ್ಯಾರಿಯರಿನ ಮುಚ್ಚಳ ಮುಟ್ಟೋದು, ಬಿಡೋದು ಮಾಡ್ತಿದ್ಲು, ತೆಗೀಲಿಲ್ಲ. ಒಬ್ಬರೂ ಏಳಲಿಲ್ಲ. ಆದ್ರೆ ಒಂಬತ್ತು ಒಂಬತ್ತೇ. ಅವನ ಹಟ ನಂಗೊತ್ತು. ಒಂಬತ್ತೂವರೆ ಆದ್ರೂ ಗಿಟಾರು ಅಟ್ಟಕ್ಕೇ.

ಕಡೇ ಹಾಡು ಜೀಪಿಂದು. ಮೊದಲ ಸಾಲು ಎತ್ತೋ ಹೊತ್ತಿಗೆ ಹಿಂದಿನ ಬಾಗಿಲು ಕಿರ್ ಅಂತು. ಗೋಪಿ ಭಟ್ಟರು! ಅವರು ನಮ್ಮ ಗ್ರೂಪಲ್ಲಿ ಇಲ್ಲ, ಫೋನೂ ಸರಿಯಾಗಿ ಇಟ್ಕೊಂಡವರಲ್ಲ. ಪೇಟೇಲಿ ಚಿದು ಅಂಟಿಸಿದ್ದ ಕಾಗದ ನೋಡಿ ಬಂದಿದ್ರಂತೆ, ಆಮೇಲೆ ಗೊತ್ತಾಯ್ತು. ಎಲ್ಲೋ ಒಂದು ಮನೆ ಅಡಿಗೆ ಮುಗಿಸಿ, ಹಸಿ ಪಂಚೇಲೇ ಓಡಿ ಬಂದ ಹಾಗಿತ್ತು. ಕೈಲಿ ಬಕೆಟ್ಟು ಇಲ್ಲದೆ ಆ ಮನುಷ್ಯನ್ನ ನಾನು ನೋಡಿದ್ದೇ ಇಲ್ಲ, ಗುರುತೇ ಹತ್ತಲಿಲ್ಲ. ನೇರ ಬಂದವರು ಮುಂದಿನ ಸಾಲಲ್ಲಿ, ನನ್ನ ಪಕ್ಕದ ಕುರ್ಚೀಲಿ ಕೂತ್ರು. ಹೆಗಲ ಟವೆಲ್ ತೆಗೆದ್ರು. ಕೊಡವಲಿಲ್ಲ. ಮಡಿಸಿ ತೊಡೆ ಮೇಲಿಟ್ಕೊಂಡ್ರು.

ಹತ್ತು! ಚಿದುನೂ ನೋಡಿದ. ದನಿ ಒಂದು ಶ್ರುತಿ ಮೇಲಕ್ಕೆ ಹೋಯ್ತು. "ಇದೇ ಗೇರು ಕೊನೇ" ಅಂತ ಎಳೆದ, ಎಳೆದ, ಎಳೆದ. ನಂಗೆ ಎಂಥ ಖುಷಿ ಅಂದ್ರೆ, ಯಾರನ್ನಾದ್ರೂ ಕೆಣಕದೆ ಕೂರಕ್ಕೇ ಆಗಲಿಲ್ಲ. ಎರಡನೇ ಚರಣ ಶುರುವಾಗ್ತಿದ್ದ ಹಾಗೇ ಭಟ್ಟರ ಕಡೆ ಬಗ್ಗಿ, "ಎಂತ ಭಟ್ಟರೇ, ಇಲ್ಲಿ ಊಟವೂ ಇಲ್ಲ, ಬಡಿಸಕ್ಕೂ ಇಲ್ಲ. ದಾರಿ ತಪ್ಪಿ ಬಂದ್ರಾ?" ಅಂದೆ.

ಭಟ್ಟರು ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ಚಿದು ಬಾಯಿ ಮೇಲೇ ಇಟ್ಕೊಂಡು ಗದರಿಸಿದ್ರು:

"ಸುಮ್ನಿರಿ ಸಾವಿತ್ರಮ್ಮ! ಮೂರನೇ ತಿರುವಲ್ಲಿ ಜೀಪು ನಿಂತಿದ್ದಷ್ಟೇ ನಂಗೊತ್ತಿರೋದು. ಒಳಗೆ ಹೋಗಿ ಪಾಯಸ ತರೋದ್ರೊಳಗೆ ಈ ಪುಣ್ಯಾತ್ಮ ಮುಗಿಸಿಬಿಡ್ತಿದ್ದ. ಅದು ಮನೆ ಸೇರ್ತೋ ಹೊಳೆಗೆ ಬಿತ್ತೋ ಅಂತ ನಲವತ್ತು ವರ್ಷದಿಂದ ಕಾಯ್ತಾ ಇದೀನಿ. ಈಗ ಒಂದು ಮಾತಾಡಿದ್ರೆ ನೋಡಿ ಮತ್ತೆ!"